ಅಂಗೈಗಾಡಿ, ಕೋಲುಗಾಡಿ, ನಡೆಗಾಡಿ: ಮರದಲ್ಲಿ ಯಾವುದನ್ನು, ಯಾವ ಮಗುವಿಗೆ?

ಮಗುವಿಗೊಂದು ಮರದ ತಳ್ಳುಗಾಡಿ ಮಾಡಿಕೊಡಿ ಎಂದರೆ ಬಡಗಿ ಮೊದಲು ಅಳತೆ ಕೇಳುತ್ತಾನೆ. ಅದಕ್ಕೂ ಮುಂಚೆ ಗೊತ್ತಾಗಬೇಕಾದದ್ದು ಎರಡು. ಮಗು ಈಗ ಕೂರುತ್ತದೆಯೋ, ಹಿಡಿದುಕೊಂಡು ನಿಲ್ಲುತ್ತದೆಯೋ, ಆಸರೆಯಿಲ್ಲದೆ ಓಡಾಡುತ್ತದೆಯೋ? ಮನೆಯ ನೆಲ ನುಣುಪು ಟೈಲ್ಸೋ, ರೆಡ್ ಆಕ್ಸೈಡೋ, ಮಣ್ಣಿನ ಅಂಗಳವೋ? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ಗಾಡಿ, ಎಂಥ ಗಾಲಿ, ಎಷ್ಟು ತೂಕ ಎಂಬುದು ಅದರ ಬೆನ್ನಿಗೇ ಬರುತ್ತದೆ. ಮರ, ಬಣ್ಣ ಆಮೇಲಿನ ಮಾತು.

ಮೂರು ಬಗೆ, ಮೂರು ವಯಸ್ಸು

ಕೂರುವ, ಅಂಬೆಗಾಲಿಡುವ ಮಗುವಿಗೆ ಅಂಗೈಗಾಡಿ ಸಾಕು. ಒಂದೇ ಮರದ ತುಂಡು, ನಾಲ್ಕು ಗಾಲಿ. 12 ಸೆಂ.ಮೀ. ಉದ್ದ, 6 ಸೆಂ.ಮೀ. ಎತ್ತರ, 4.5 ಸೆಂ.ಮೀ. ದಪ್ಪದ ತುಂಡಿಗೆ 5 ಸೆಂ.ಮೀ. ಅಡ್ಡಳತೆಯ ಗಾಲಿ ಹಾಕಿದರೆ ಪುಟ್ಟ ಅಂಗೈಗೆ ಸರಿಹೊಂದುತ್ತದೆ. ಗಾಲಿಯನ್ನು ಇದಕ್ಕಿಂತ ಚಿಕ್ಕದು ಮಾಡುವ ಆಸೆ ಬೇಡ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗ ಗಂಟಲಿಗೆ ಇಳಿಯುವಂತಿದೆಯೇ ಎಂದು ಪರೀಕ್ಷಿಸುವ ಕೊಳವೆಯ ಅಡ್ಡಳತೆ 31.7 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವ ಯಾವ ಭಾಗವೂ ಗಾಡಿಯಿಂದ ಕಳಚಿ ಬರಬಾರದು. ಮೊದಲ ಸಲ ಮರಕ್ಕೆ ಕೈಹಾಕುವವರು ಇದರಿಂದಲೇ ಶುರುಮಾಡುವುದು ಒಳ್ಳೆಯದು. ಕೆಟ್ಟರೆ ಹೋಗುವುದು ಒಂದು ತುಂಡು ಮರ.

ಕೋಲುಗಾಡಿ ಎಂದರೆ ಉದ್ದ ಕೋಲಿನ ತುದಿಯಲ್ಲಿ ಗಾಲಿ ಇದ್ದು, ತಳ್ಳಿದಂತೆ ಟಕ್ ಟಕ್ ಎನ್ನುವ, ರೆಕ್ಕೆ ಬಡಿಯುವ, ಹಕ್ಕಿ ಮೇಲೆ ಕೆಳಗೆ ಆಡುವ ಆಟಿಕೆ. ಜಾತ್ರೆಯಲ್ಲಿ ನೋಡಿದವರಿಗೆ ಇದರ ಮೇಲೆಯೇ ಕಣ್ಣು. ಆದರೆ ಇದು ಮಗುವಿಗೆ ಆಸರೆ ಕೊಡುವುದಿಲ್ಲ. ಮಗು ತೂಕ ಹಾಕಿದ ಕೂಡಲೇ ಮುಂದಕ್ಕೆ ಜಾರುತ್ತದೆ. ಏನೂ ಹಿಡಿಯದೆ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುವ ಮಗುವಿಗೆ ಮಾತ್ರ ಇದನ್ನು ಕೊಡಬೇಕು, ಸುಮಾರು ಒಂದೂವರೆ ವರ್ಷದ ಮೇಲೆ.

ಇವೆರಡರ ನಡುವಿನ ಕಾಲಕ್ಕೆ ನಡೆಗಾಡಿ. ಮಗು ಕಿಟಕಿಯ ಸರಳು, ಮಂಚದ ಅಂಚು ಹಿಡಿದು ತಾನೇ ಎದ್ದು ನಿಲ್ಲತೊಡಗಿದ ಮೇಲೆ ಇದು ಬೇಕಾಗುತ್ತದೆ. ಹಿಂದೆ ನಿಂತು ಹಿಡಿ ಹಿಡಿದು ತಳ್ಳುವ ಗಾಡಿ ಇದು. ಮಗುವನ್ನು ನಡುವೆ ಕೂರಿಸುವ ಪ್ಲಾಸ್ಟಿಕ್ ವಾಕರ್‌ಗೂ ಇದಕ್ಕೂ ಸಂಬಂಧವಿಲ್ಲ. ಆ ಕೂರುವ ವಾಕರ್ ಮಾರಾಟವನ್ನು ಕೆನಡಾ 2004ರಲ್ಲೇ ನಿಷೇಧಿಸಿತು. ಕಾಲು ನೆಲಕ್ಕೆ ಸರಿಯಾಗಿ ಊರದ ಮಗು ಅದರಲ್ಲಿ ಮೆಟ್ಟಿಲಿನ ತನಕ ಓಡಿಬಿಡುತ್ತದೆ.

ಮೂರರಲ್ಲಿ ಕಷ್ಟದ್ದೂ, ತಪ್ಪಿದರೆ ಅಪಾಯದ್ದೂ ನಡೆಗಾಡಿಯೇ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ನಡೆಗಾಡಿ: ಮೂರು ಗಾಲಿಯೋ ನಾಲ್ಕೋ?

ನಮ್ಮ ಹಳ್ಳಿ ಮನೆಗಳ ಅಟ್ಟದಲ್ಲಿ ಇನ್ನೂ ಸಿಗುವ ಹಳೇ ಗಾಡಿ ಮೂರು ಗಾಲಿಯದು. ಹಿಂದೆ ಎರಡು, ಮುಂದೆ ಒಂದು, ಹಿಂಗಾಲಿಗಳ ಮೇಲೆ ನೆಟ್ಟಗೆ ನಿಂತ ಚೌಕಟ್ಟು, ಅದರ ಮೇಲ್ತುದಿಯೇ ಹಿಡಿ. ಇದರ ದೊಡ್ಡ ಗುಣ, ನೆಲ ಎಷ್ಟೇ ಏರುಪೇರಿದ್ದರೂ ಮೂರು ಗಾಲಿಯೂ ನೆಲಕ್ಕೆ ತಾಗಿರುತ್ತವೆ. ಮಣ್ಣಿನ ಅಂಗಳಕ್ಕೆ, ಕಲ್ಲು ಹಾಸಿನ ಜಗಲಿಗೆ ಇದಕ್ಕೆ ಸಾಟಿಯಿಲ್ಲ. ದೋಷ ಪಕ್ಕಕ್ಕೆ ವಾಲುವುದು. ಮಗು ಹಿಡಿಯ ಒಂದು ತುದಿಗೆ ಜೋತುಬಿದ್ದರೆ ಒಂದು ಹಿಂಗಾಲಿಯಿಂದ ಮುಂಗಾಲಿಗೆ ಎಳೆದ ಓರೆಗೆರೆಯ ಮೇಲೆ ಗಾಡಿ ಮಗುಚುತ್ತದೆ. ಹಿಂಗಾಲಿಗಳ ನಡುವೆ ಕನಿಷ್ಠ 36 ಸೆಂ.ಮೀ. ಅಂತರವಿಟ್ಟು, ಹಿಡಿಯನ್ನು ಅದಕ್ಕಿಂತ 10 ಸೆಂ.ಮೀ. ಕಿರಿದು ಮಾಡಿದರೆ ಈ ತೊಂದರೆ ಮುಕ್ಕಾಲು ಪಾಲು ತಗ್ಗುತ್ತದೆ.

ಸಿಮೆಂಟು, ಟೈಲ್ಸ್ ನೆಲದ ಮನೆಗೆ ನಾಲ್ಕು ಗಾಲಿಯ ಪೆಟ್ಟಿಗೆಗಾಡಿ ಒಳ್ಳೆಯದು. ಆಟಿಕೆ ತುಂಬಿ ತಳ್ಳಬಹುದು, ತೂಕ ಇಡಲು ಜಾಗ ಇರುತ್ತದೆ, ಮಗು ನಡೆಯಲು ಕಲಿತ ಮೇಲೂ ಮೂಲೆಗೆ ಬೀಳುವುದಿಲ್ಲ. ಅಳತೆ ಹೀಗೆ: 40 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರ, 18 ಮಿ.ಮೀ. ದಪ್ಪದ ಪಕ್ಕದ ಹಲಗೆ ಎರಡು. ಅವುಗಳ ನಡುವೆ ಕೂರುವ 28 ಸೆಂ.ಮೀ. ಅಡ್ಡಹಲಗೆ ಎರಡು, ತಳಕ್ಕೆ 12 ಮಿ.ಮೀ. ಪ್ಲೈವುಡ್, ಹಿಡಿಗೆ 25 ಮಿ.ಮೀ. ಉರುಟು ಕೋಲು. ಗಾಲಿ 10 ಸೆಂ.ಮೀ. ಅಡ್ಡಳತೆ, 20 ಮಿ.ಮೀ. ದಪ್ಪ. ಆರು ಸೆಂ.ಮೀ. ಗಾಲಿ ಹಾಕಿದರೆ ಡೋರ್‌ಮ್ಯಾಟ್ ಅಂಚಿಗೇ ಗಾಡಿ ತಡೆದು ನಿಲ್ಲುತ್ತದೆ, ಮಗು ಮುಂದಕ್ಕೆ ಮುಗ್ಗರಿಸುತ್ತದೆ.

ಹಿಡಿಯ ಎತ್ತರ ನೆಲದಿಂದ 43ರಿಂದ 46 ಸೆಂ.ಮೀ. ಒಂದು ವರ್ಷದ ಮಗುವಿನ ಸರಾಸರಿ ಎತ್ತರ 75 ಸೆಂ.ಮೀ. ಆಸುಪಾಸು. ಹಿಡಿ ಎದೆಗಿಂತ ಮೇಲಿದ್ದರೆ ಮಗು ನೇತಾಡುತ್ತದೆ, ಹೊಟ್ಟೆಗಿಂತ ಕೆಳಗಿದ್ದರೆ ಬಗ್ಗಿ ಓಡುತ್ತದೆ.

ಇನ್ನು ಮಗುಚುವ ಲೆಕ್ಕ. ಅಂಗಡಿಯ ಗಾಡಿ ಕೊಳ್ಳುವವರೂ ಇದನ್ನು ನೋಡಿಯೇ ಕೊಳ್ಳಬೇಕು. ಗಾಡಿಯ ತೂಕ 3 ಕೆ.ಜಿ., ಆ ತೂಕದ ನಡುಬಿಂದು ಹಿಂದಿನ ಅಚ್ಚಿನಿಂದ 18 ಸೆಂ.ಮೀ. ಮುಂದೆ ಇದೆ ಎನ್ನಿ. ಹಿಡಿ 45 ಸೆಂ.ಮೀ. ಎತ್ತರದಲ್ಲಿ, ಅಚ್ಚಿನ ನೇರ ಮೇಲೆ. ಹಿಂಗಾಲಿ ಚಾಪೆಯ ಅಂಚಿಗೋ ಮಗುವಿನ ಹಿಮ್ಮಡಿಗೋ ತಡೆದು ನಿಂತಾಗ, ಮಗು ಹಿಡಿಯನ್ನು ತನ್ನ ಕಡೆಗೆ ಎಷ್ಟು ಎಳೆದರೆ ಗಾಡಿ ಮಗುಚುತ್ತದೆ? ಮೂರನ್ನು ಹದಿನೆಂಟರಿಂದ ಗುಣಿಸಿ 45ರಿಂದ ಭಾಗಿಸಿ: 1.2 ಕೆ.ಜಿ. ಇದು ಮಗುವಿಗೆ ಏನೇನೂ ಅಲ್ಲ.

ಈಗ ಚೆಂದಕ್ಕೆಂದು ಹಿಡಿಯನ್ನು ಹಿಂದಕ್ಕೆ ವಾಲಿಸಿ ಅಚ್ಚಿಗಿಂತ 8 ಸೆಂ.ಮೀ. ಹಿಂದೆ ತಂದರೆ? ಮಗು ಎದ್ದು ನಿಲ್ಲಲು ಹಿಡಿಯ ಮೇಲೆ 4 ಕೆ.ಜಿ. ಭಾರ ಬಿಟ್ಟರೆ ಸಾಕು, ಅಷ್ಟರಲ್ಲೇ ಗಾಡಿಯ ಬಲ ಅರ್ಧಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ. ಮೇಲೆ ಅರ್ಧ ಕೆ.ಜಿ. ಎಳೆತಕ್ಕೆ ಗಾಡಿ ಮುಖದ ಮೇಲೆ. ಮಾರುಕಟ್ಟೆಯ ಎಷ್ಟೋ ಚೆಂದದ ಗಾಡಿಗಳ ಹಿಡಿ ಹೀಗೇ ಹಿಂದಕ್ಕೆ ಬಾಗಿರುತ್ತದೆ.

ಅದರ ಬದಲು ಹಿಂದಿನ ಅಚ್ಚನ್ನೇ ಹಿಡಿಗಿಂತ 5 ಸೆಂ.ಮೀ. ಹಿಂದಕ್ಕೆ ಸರಿಸಿ. ಅದೇ ಗಾಡಿ, ಅದೇ ಮರ, ಆದರೆ ಈಗ ಅದೇ 4 ಕೆ.ಜಿ. ಭಾರ ಗಾಡಿಯನ್ನು ನೆಲಕ್ಕೆ ಒತ್ತುತ್ತದೆ. ಮಗುಚಲು ಸುಮಾರು 2 ಕೆ.ಜಿ. ಎಳೆತ ಬೇಕಾಗುತ್ತದೆ. ಇದರ ಮೇಲೆ ಪೆಟ್ಟಿಗೆಯ ಮುಂಭಾಗದಲ್ಲಿ 2 ಕೆ.ಜಿ. ಮರಳಿನ ಚೀಲ ಇಟ್ಟರೆ ಇನ್ನೂ ಭದ್ರ. ಮರಳನ್ನು ದಪ್ಪ ಬಟ್ಟೆಯಲ್ಲಿ ಎರಡು ಹೊಲಿಗೆ ಹಾಕಿ ಹೊಲಿದು, ಮೇಲೊಂದು ತೆಳು ಹಲಗೆಯನ್ನು ಸ್ಕ್ರೂನಿಂದ ಬಿಗಿಯಬೇಕು. ಸುಮ್ಮನೆ ಇಟ್ಟರೆ ಮಗು ಎರಡನೇ ದಿನವೇ ತೆಗೆದು ಎಸೆಯುತ್ತದೆ. ಇಟ್ಟಿಗೆ ಇಡುವವರಿದ್ದಾರೆ; ತೂಕಕ್ಕೆ ಸರಿ, ಆದರೆ ಪುಡಿ ಉದುರುತ್ತದೆ, ಬಿದ್ದರೆ ಕಾಲ ಮೇಲೆಯೇ ಬೀಳುತ್ತದೆ.

ಅಚ್ಚು ಮೂರು ಥರ

ಇದು ಮೂರೂ ಬಗೆಯ ಗಾಡಿಗೆ ಸೇರಿದ ಮಾತು. ಮೊದಲನೆಯದು, ಅಚ್ಚಿಗೆ ಎರಡೂ ಗಾಲಿ ಅಂಟಿಸಿ, ಅಚ್ಚೇ ಗಾಡಿಯ ಮೈಯೊಳಗೆ ತಿರುಗುವಂತೆ ಮಾಡುವುದು. ಎರಡನೆಯದು, ಪ್ರತಿ ಗಾಲಿಗೂ ಬೇರೆ ಮರದ ಕೀಲು. ಕೀಲು ಮೈಗೆ ಅಂಟಿರುತ್ತದೆ, ಗಾಲಿ ಅದರ ಮೇಲೆ ತಿರುಗುತ್ತದೆ. ಮೂರನೆಯದು, 8 ಮಿ.ಮೀ. ಉಕ್ಕಿನ ಬೋಲ್ಟು ಅಥವಾ ತಿರುಪಿನ ಗೆರೆ ಕೊರೆದ ಸರಳು, ತುದಿಗೆ ನೈಲಾಕ್ ನಟ್ಟು, ಅಂದರೆ ಅದುರಿದರೂ ಸಡಿಲವಾಗದ ನಟ್ಟು.

ಅಂಗೈಗಾಡಿಗೂ ಕೋಲುಗಾಡಿಗೂ ಮೊದಲನೆಯದೇ ವಾಸಿ. ಗಾಲಿ ಅಚ್ಚಿಗೆ ಅಂಟಿರುವುದರಿಂದ ಬಿಡಿಯಾಗಿ ಉದುರುವ ಕೀಲು ಎಂಬುದೇ ಇರುವುದಿಲ್ಲ. 10 ಮಿ.ಮೀ. ಅಚ್ಚಿಗೆ ಮೈಯಲ್ಲಿ 11.5 ಮಿ.ಮೀ. ತೂತು ಬೇಕು. ಬೇಸಿಗೆಯಲ್ಲಿ 10.5 ಸಾಕೆನಿಸುತ್ತದೆ. ಜುಲೈನಲ್ಲಿ ಮಲೆನಾಡಿಗೋ ಕರಾವಳಿಗೋ ಹೋದ ಗಾಡಿಯ ಅಚ್ಚು ತೇವ ಹೀರಿ ಉಬ್ಬಿ ತಿರುಗದೆ ನಿಂತಾಗ ಆ ಒಂದು ಮಿಲಿಮೀಟರಿನ ಬೆಲೆ ಗೊತ್ತಾಗುತ್ತದೆ. ತೂತಿನೊಳಗೆ ಮೇಣದಬತ್ತಿ ಉಜ್ಜಿ. ಎಣ್ಣೆ ಹಾಕಬೇಡಿ. ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪೆಂದರೆ, ಗಾಲಿ ಅಂಟಿಸುವಾಗ ಗೋಂದು ಅಚ್ಚಿನ ಉದ್ದಕ್ಕೆ ಹರಿದು ಮೈಗೂ ಅಂಟಿಬಿಡುವುದು. ಗೋಂದನ್ನು ಅಚ್ಚಿಗೆ ಬಳಿಯಬಾರದು. ಗಾಲಿಯ ತೂತಿನ ಒಳಗೆ ಕಡ್ಡಿಯಿಂದ ಸವರಿ, ಗಾಲಿಗೂ ಮೈಗೂ ನಡುವೆ ಮೇಣ ಹಚ್ಚಿದ ಕಾಗದದ ಬಿಲ್ಲೆ ಇಟ್ಟು, ಒಣಗಿದ ಮೇಲೆ ಹರಿದು ತೆಗೆಯಬೇಕು. ಕಾಗದದ ದಪ್ಪವೇ ಬೇಕಾದ ಸಂದು.

ನಡೆಗಾಡಿಯ ಹಿಂಗಾಲಿಗೂ ಒಂದೇ ಅಚ್ಚಿನ ಜೋಡಣೆ ಹೊಂದುತ್ತದೆ, ಕಾರಣ ಬೇರೆ. ಎರಡೂ ಗಾಲಿ ಒಟ್ಟಿಗೇ ತಿರುಗುವುದರಿಂದ ಗಾಡಿ ನೇರ ಹೋಗುತ್ತದೆ, ಸುಲಭಕ್ಕೆ ತಿರುಗುವುದಿಲ್ಲ. ಹೊಸದಾಗಿ ಹೆಜ್ಜೆ ಇಡುವ ಮಗುವಿಗೆ ಇದೇ ಬೇಕು. ಗೋಡೆಗೆ ಹೊಡೆದಾಗ ಯಾರಾದರೂ ತಿರುಗಿಸಿ ಕೊಡಬೇಕಾಗುತ್ತದೆ, ಅಷ್ಟೇ. ಬಿಡಿಬಿಡಿ ಗಾಲಿಯ ಗಾಡಿ ಮಗುವಿನ ಕೈ ಸ್ವಲ್ಪ ವಾಲಿದರೂ ಅತ್ತ ತಿರುಗಿಬಿಡುತ್ತದೆ. ಮರದ ಅಚ್ಚಾದರೆ ಇಲ್ಲಿ 16 ಮಿ.ಮೀ. ದಪ್ಪವಾದರೂ ಬೇಕು. ಅಂಗಳದಲ್ಲಿ ಕಲ್ಲಿಗೆ ಹೊಡೆಸುವ ಮನೆಯಾದರೆ ಉಕ್ಕಿನ ಬೋಲ್ಟೇ ಸರಿ. ಅದರ ಹೊರತುದಿಗೆ ಗುಮ್ಮಟದ ನಟ್ಟು ಹಾಕಿ ಚೂಪು ಮುಚ್ಚಬೇಕು.

ಗಾಲಿಗೂ ಮೈಗೂ ನಡುವಿನ ಸಂದು 5 ಮಿ.ಮೀ.ಗಿಂತ ಕಡಿಮೆ ಇರಲಿ, ಇಲ್ಲವೇ 12 ಮಿ.ಮೀ.ಗಿಂತ ಹೆಚ್ಚಿರಲಿ. ನಡುವಿನ ಅಳತೆಯಲ್ಲಿ ಮಗುವಿನ ಬೆರಳು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಟೈಲ್ಸ್ ಮತ್ತು ಪಾಲಿಶ್ ಗ್ರಾನೈಟಿನ ಮೇಲೆ ಬರೀ ಮರದ ಗಾಲಿ ಜಾರುತ್ತದೆ. ಹಳೇ ಸೈಕಲ್ ಟ್ಯೂಬನ್ನು 15 ಮಿ.ಮೀ. ಅಗಲದ ಬಳೆಯಾಗಿ ಕತ್ತರಿಸಿ ಗಾಲಿಯ ಮೇಲೆ ಎಳೆದು ಹಾಕಿದರೆ ಹಿಡಿತ ಬರುತ್ತದೆ, ಸದ್ದೂ ಇಳಿಯುತ್ತದೆ. ಗಾಲಿಯ ಸುತ್ತ 2 ಮಿ.ಮೀ. ಆಳದ ಕಾಲುವೆ ತೆಗೆದಿದ್ದರೆ ಬಳೆ ಜಾರಿ ಹೊರಬರುವುದಿಲ್ಲ. ಆದರೂ ಗಾಡಿ ಓಡಿಹೋಗುತ್ತಿದ್ದರೆ ಮುಂಗಾಲಿಗೂ ಮೈಗೂ ನಡುವೆ ಚರ್ಮದ ವಾಷರ್ ಹಾಕಿ ನಟ್ಟು ಬಿಗಿ ಮಾಡಿ. ಬೋಲ್ಟಿನ ಅಚ್ಚಿನಲ್ಲಿ ಇರುವ ಅನುಕೂಲ ಇದು: ಮಗು ಪಳಗಿದಂತೆ ಕಾಲು ಸುತ್ತು ಸಡಿಲ ಮಾಡುತ್ತ ಹೋಗಬಹುದು.

ಗಾಲಿ ಕತ್ತರಿಸುವುದು

ಕೊಂಬೆಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದರೆ ಗಾಲಿ ಸಿದ್ಧ ಎನಿಸುತ್ತದೆ. ಮೂರು ವಾರಕ್ಕೆ ಅಂಚಿನಿಂದ ನಡುವಿನವರೆಗೆ ಸೀಳು ಬಿಡುತ್ತದೆ. ಮರ ಒಣಗುವಾಗ ಉಂಗುರದ ಸುತ್ತಳತೆಯ ದಿಕ್ಕಿಗೆ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದರ ಹೆಚ್ಚುಕಡಿಮೆ ಎರಡು ಪಟ್ಟು. ಸೀಳದೆ ಅದಕ್ಕೆ ದಾರಿಯಿಲ್ಲ. ಚೆನ್ನಾಗಿ ಒಣಗಿಸಿ ಲೇತಿನಲ್ಲಿ ಕಡೆದ ನಾಲ್ಕೈದು ಸೆಂ.ಮೀ. ಗಾಲಿ ಉಳಿಯುತ್ತದೆ, ಅದಕ್ಕಿಂತ ದೊಡ್ಡದು ನಂಬಿಕೆಗೆ ಬಾರದು. ಹಲಗೆಯಿಂದ ಹೋಲ್ ಸಾ (ಡ್ರಿಲ್ಲಿಗೆ ಸಿಕ್ಕಿಸುವ ಬಳೆಯಾಕಾರದ ಗರಗಸ) ಹಾಕಿ ಕತ್ತರಿಸುವುದು ಮನೆಯ ಡ್ರಿಲ್ಲಿಗೆ ಸುಲಭ. 76 ಮಿ.ಮೀ. ಹೋಲ್ ಸಾ ಹಾಕಿದರೆ ಕೈಗೆ ಬರುವ ಗಾಲಿ ಸುಮಾರು 70 ಮಿ.ಮೀ., ಉಳಿದದ್ದು ಹಲ್ಲು ತಿಂದದ್ದು. ಅರ್ಧ ಆಳ ಒಂದು ಕಡೆಯಿಂದ, ಅರ್ಧ ಇನ್ನೊಂದು ಕಡೆಯಿಂದ ಕೊರೆದರೆ ಹಿಂಬದಿ ಕಿತ್ತುಬರುವುದಿಲ್ಲ. ಹತ್ತು ಸೆಂ.ಮೀ. ಗಾಲಿಗೆ 10 ಮಿ.ಮೀ. ಹಲಗೆ ಎರಡನ್ನು ಎಳೆ ಒಂದಕ್ಕೊಂದು ಅಡ್ಡ ಬರುವಂತೆ ಅಂಟಿಸಿ ಕತ್ತರಿಸಿ. ಒಂದೇ ಹಲಗೆಯದಾದರೆ ಮಳೆಗಾಲಕ್ಕೊಮ್ಮೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಬಿದ್ದರೆ ಎಳೆಯ ಗುಂಟ ಎರಡಾಗುತ್ತದೆ.

ಕೋಲುಗಾಡಿಯ ಎರಡು ಗುಟ್ಟು

ಕೋಲು 50ರಿಂದ 55 ಸೆಂ.ಮೀ. ಉದ್ದ, 16 ಮಿ.ಮೀ. ದಪ್ಪ. ಎಳೆ ತುದಿಯಿಂದ ತುದಿಗೆ ನೇರ ಓಡಿರಬೇಕು. ಓರೆ ಎಳೆಯ ಕೋಲು ಮುರಿದರೆ ಈಟಿಯಂತೆ ಚೂಪಾಗಿ ಮುರಿಯುತ್ತದೆ. ಮೇಲ್ತುದಿಗೆ 45 ಮಿ.ಮೀ.ಗಿಂತ ದೊಡ್ಡ ಗುಂಡು ಇರಲೇಬೇಕು. ಮಗು ಕೋಲಿನ ಮೇಲೆ ಬಿದ್ದಾಗ ಅದು ಬಾಯಿಗೋ ಕಣ್ಣಿಗೋ ಹೊಕ್ಕದಂತೆ ತಡೆಯುವುದು ಆ ಗುಂಡು. ಗೋಂದೊಂದನ್ನೇ ನಂಬದೆ, ಗುಂಡಿಗೂ ಕೆಳಗಿನ ಮೈಗೂ 6 ಮಿ.ಮೀ. ಮರದ ಗೂಟವನ್ನು ಅಡ್ಡಲಾಗಿ ಹೊಡೆಯಿರಿ. ಮೈಯೊಳಗೆ ಕೋಲು 35 ಮಿ.ಮೀ. ಆದರೂ ಇಳಿದಿರಲಿ.

ಹಕ್ಕಿ ಏಳಬೇಕಾದರೆ ಅಚ್ಚಿನ ನಡುವೆ 40 ಮಿ.ಮೀ. ಬಿಲ್ಲೆಯೊಂದನ್ನು ಅದರ ನಡುವಿನಿಂದ 6 ಮಿ.ಮೀ. ಸರಿಸಿ ಅಂಟಿಸುತ್ತಾರೆ. ಹಕ್ಕಿಯ ಕಾಲು ಅದರ ಮೇಲೆ ಕೂತಿರುತ್ತದೆ, ಒಂದು ಸುತ್ತಿಗೆ 12 ಮಿ.ಮೀ. ಎದ್ದಿಳಿಯುತ್ತದೆ. ಅಚ್ಚು ಗಾಲಿಯ ಜೊತೆ ತಿರುಗಿದರೆ ಮಾತ್ರ ಇದು ನಡೆಯುತ್ತದೆ. ಟೈಲ್ಸ್ ಮೇಲೆ ಗಾಲಿ ಜಾರಿದರೆ ಹಕ್ಕಿ ಕೂತಲ್ಲೇ ಕೂತಿರುತ್ತದೆ, ಮಗು ಅತ್ತ ತಿರುಗಿ ನೋಡುವುದಿಲ್ಲ. ರಬ್ಬರ್ ಬಳೆ ಇಲ್ಲೂ ಬೇಕು.

ಮರ

ಚನ್ನಪಟ್ಟಣದವರು ಬಳಸುವುದು ಆಲೆ ಮರ, ಹಾಲೆ ಎಂದೂ ಕರೆಯುತ್ತಾರೆ. ಬೆಳ್ಳಗಿನ ಮರ, ಎಳೆ ಒತ್ತಾಗಿರುತ್ತದೆ, ಸಿಬಿರು ಏಳುವುದು ಕಡಿಮೆ, ಲೇತಿನಲ್ಲಿ ಬೆಣ್ಣೆಯಂತೆ ಕಡೆಯಬಹುದು. ಕರಾವಳಿಯವರು ಹೆಸರು ಕೇಳಿ ಮೋಸಹೋಗಬಾರದು. ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುವ ಹಾಲೆಯೇ ಬೇರೆ, ಇದೇ ಬೇರೆ. ಆಲೆ ದೊಡ್ಡ ಹಲಗೆಯಾಗಿ ಸಿಗುವುದು ಕಷ್ಟ. ಅಂಗೈಗಾಡಿ, ಗಾಲಿ, ಗುಂಡುಗಳಿಗೆ ಅದು ಒಳ್ಳೆಯದು. ನಡೆಗಾಡಿಯ ಪೆಟ್ಟಿಗೆಗೆ ಬೇರೆ ಮರ ಹುಡುಕಿ.

ಪೆಟ್ಟಿಗೆಗೆ ಸಂಸ್ಕರಿಸಿದ ರಬ್ಬರ್ ಮರ ಹದವಾದದ್ದು: ಗಟ್ಟಿ, ಬಣ್ಣ ತಿಳಿ, ಸ್ಕ್ರೂ ಹಿಡಿಯುತ್ತದೆ. ಸಂಸ್ಕರಿಸದ ಹಸಿ ರಬ್ಬರ್ ಮರ ಅಗ್ಗಕ್ಕೆ ಸಿಕ್ಕರೂ ತರಬೇಡಿ, ವರ್ಷದೊಳಗೆ ಹುಳ ಹೊಡೆದು ಹಿಟ್ಟು ಉದುರುತ್ತದೆ. ಹಲಸು ಮನೆಯಲ್ಲೇ ಇದ್ದರೆ ಅದೂ ಚೆನ್ನ. ತೇಗಕ್ಕೆ ದುಡ್ಡು ಹೆಚ್ಚು, ಅದರ ಎಣ್ಣೆಯಂಶದಿಂದ ಗೋಂದು ಸರಿಯಾಗಿ ಹಿಡಿಯದು. ಅಂಟಿಸುವ ಮುಖವನ್ನು ಥಿನ್ನರಿನಿಂದ ಒರೆಸಿ ತಕ್ಷಣ ಅಂಟಿಸಬೇಕು. ಕಾಫಿ ತೋಟದ ಸಿಲ್ವರ್ ಓಕ್ ಹಗುರ, ಅಗ್ಗ. ಸಿಬಿರು ಏಳುತ್ತದೆ, ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ನೀರಿನ ಬಣ್ಣ ತಿರುಗುವುದನ್ನು ನೋಡಿದವರಿಗೆ, ಜೊಲ್ಲು ಸುರಿಸುವ ಮಗುವಿಗೆ ಅದು ಯಾಕೆ ಬೇಡ ಎಂದು ಬೇರೆ ಹೇಳಬೇಕಿಲ್ಲ.

ಗುಜರಿಯಲ್ಲಿ ಸಿಗುವ ಪ್ಯಾಕಿಂಗ್ ಪೈನ್ ಮರದ ಮೇಲೆ ಮುದ್ರೆ ನೋಡಿ. ಇಂಗ್ಲಿಷಿನಲ್ಲಿ ಎಚ್‌ಟಿ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅಲ್ಲೇ ಬಿಟ್ಟು ಬನ್ನಿ. ಮುದ್ರೆಯೇ ಇಲ್ಲದ್ದನ್ನೂ, ಎಣ್ಣೆ ರಾಸಾಯನಿಕದ ಕಲೆ ಇರುವುದನ್ನೂ ತರಬೇಡಿ. ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಾಯಿಗೆ ಹೋಗುವ ಆಟಿಕೆಗೆ ಆಗದು. ಜೊಲ್ಲಿಗೆ ಉಬ್ಬಿ ಪದರ ಬಿಡುತ್ತದೆ.

ಮೇಲ್ಮೈ

ಸ್ಯಾಂಡ್ ಪೇಪರ್ 80, 120, 180, 220ರ ಕ್ರಮ. 180 ಆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ, ಮಲಗಿದ್ದ ನವಿರು ಎದ್ದು ನಿಲ್ಲುತ್ತದೆ, ಆಗ 220 ಹಾಕಿ. ಈ ಹೆಜ್ಜೆ ಬಿಟ್ಟರೆ ಮಗು ನೆಕ್ಕಿದ ಮೊದಲ ದಿನವೇ ಗಾಡಿ ಒರಟಾಗುತ್ತದೆ. ಕೊನೆಗೆ ಹಳೇ ನೈಲಾನ್ ಕಾಲುಚೀಲವನ್ನು ಮೈಯೆಲ್ಲ ಎಳೆದು ನೋಡಿ. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರಿದೆ.

ಅರಗು ಚೆಂದದಲ್ಲಿ ಎಲ್ಲಕ್ಕಿಂತ ಮುಂದೆ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಹಿಡಿಯುತ್ತದೆ, ಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಹಾಗಾಗಿ ಕಡೆದ ಉರುಟು ಭಾಗಕ್ಕೆ ಮಾತ್ರ ಅದು ಸಾಧ್ಯ, ಚಪ್ಪಟೆ ಹಲಗೆಗೆ ಅಲ್ಲ. ಅರಗಿನ ಆಟಿಕೆಯನ್ನು ಬಿಸಿನೀರಿನಲ್ಲಿ ತೊಳೆಯಬಾರದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ಸ್ಯಾನಿಟೈಸರಿನಿಂದಂತೂ ಒರೆಸಲೇಬಾರದು. ಸ್ಪಿರಿಟ್ ಅರಗನ್ನು ಕರಗಿಸುತ್ತದೆ, ಬಣ್ಣ ಕೈಗೆ ಬರುತ್ತದೆ. ಒದ್ದೆ ಬಟ್ಟೆ ಸಾಕು.

ಹಲಗೆಯ ಭಾಗಕ್ಕೆ ಎಣ್ಣೆ ಮೇಣವೋ, ನೀರಿನ ಪಾಲಿಯುರೆಥೇನ್ ವಾರ್ನಿಷೋ? ಎಣ್ಣೆಯಾದರೆ ಹಸಿ ಅಗಸೆ ಎಣ್ಣೆ ನಾಲ್ಕು ಪಾಲು, ಜೇನುಮೇಣ ಒಂದು ಪಾಲು, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿ ತೆಳುವಾಗಿ ತಿಕ್ಕಬೇಕು. ಒಣಗಲು ವಾರ ಮೀರಿ ಹಿಡಿಯುತ್ತದೆ, ಆದರೆ ಗೀರು ಬಿದ್ದರೆ ಮತ್ತೆ ತಿಕ್ಕಬಹುದು. ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಅದು ಬೇಡ. ಕೊಬ್ಬರಿ ಎಣ್ಣೆ ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ. ದಿನವೂ ಒದ್ದೆಯಾಗುವ ನಡೆಗಾಡಿಗೆ ನೀರಿನ ಪಾಲಿಯುರೆಥೇನ್ ಮೂರು ಕೋಟು ಹೆಚ್ಚು ತಾಳುತ್ತದೆ. ಹಚ್ಚಿದ ಮೇಲೆ ಕನಿಷ್ಠ ಎರಡು ವಾರ ಮಗುವಿನ ಕೈಗೆ ಕೊಡಬೇಡಿ.

ಮನೆಯಲ್ಲಿ ಉಳಿದ ಹಳೇ ಎನಾಮಲ್ ಡಬ್ಬಿ ಬೇಡವೇ ಬೇಡ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ, ಅದರಲ್ಲೂ ಹಳದಿ, ಕೆಂಪು ಬಣ್ಣದಲ್ಲಿ, ಎಷ್ಟು ಸೀಸವಿದೆಯೋ ಹೇಳಲಾಗದು.

ಮಾರುವವರಿಗೆ

ನಿಮ್ಮ ಮನೆಯ ಮಗುವಿಗೆ ಮಾಡಿದರೆ ಯಾರೂ ಕೇಳುವುದಿಲ್ಲ. ಮಾರುವುದಾದರೆ 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ, ಚನ್ನಪಟ್ಟಣದಂಥ ಭೌಗೋಳಿಕ ಸೂಚಿ (ಊರಿನ ಹೆಸರಿಗೇ ಸಿಗುವ ಜಿಐ ಮಾನ್ಯತೆ) ಪಡೆದ ಆಟಿಕೆಗಳ ನೋಂದಾಯಿತ ತಯಾರಕರಿಗೂ ಇದರಿಂದ ವಿನಾಯಿತಿ ಇದೆ. ಹಾಗಾಗಿ ಅಂಥ ಆಟಿಕೆಯ ಮೇಲೆ ಗುರುತು ಕಾಣದಿದ್ದರೆ ಅದು ಕಳಪೆ ಎಂದುಕೊಳ್ಳಬೇಕಿಲ್ಲ. ಮೇಲೆ ಹೇಳಿದ ಸಂದು, ಗಾಲಿ, ಗುಂಡಿನ ಅಳತೆಯನ್ನು ನೀವೇ ನೋಡಿಕೊಳ್ಳಿ.

ಕೈಗೆ ಕೊಡುವ ಮುನ್ನ ಹಿಡಿಯನ್ನು ಎರಡೂ ಕೈಯಿಂದ ತಿರುಚಿ ಎಳೆಯಿರಿ, ಪ್ರತಿ ಗಾಲಿಯನ್ನೂ ಹೊರಕ್ಕೆ ಜಗ್ಗಿ. ಗಾಡಿಯನ್ನು ಸೊಂಟದೆತ್ತರದಿಂದ ಸಿಮೆಂಟು ನೆಲಕ್ಕೆ ನಾಲ್ಕು ಸಲ ಬೀಳಿಸಿ, ಮತ್ತೆ ಜಗ್ಗಿ ನೋಡಿ. ಮಳೆಗಾಲ ಮುಗಿದು ಚಳಿಗಾಳಿ ಬೀಸತೊಡಗಿದಾಗ ಮರ ಕುಗ್ಗಿ ಕೀಲುಗಳು ಸಡಿಲವಾಗುತ್ತವೆ. ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಇದೇ ಪರೀಕ್ಷೆ ಮಾಡಿ.